‘ಮಾಡಬೇಡಿ’ ಪಟ್ಟಿ ಸಾಲದು: ವಿದ್ಯಾರ್ಥಿಗಳಿಗೆ ಡಿಜಿಟಲ್ ಜವಾಬ್ದಾರಿ ಕಲಿಸುವ ದಾರಿ

ಫೋನ್ ಮತ್ತು ಇಂಟರ್ನೆಟ್ ಬಗ್ಗೆ ಮಕ್ಕಳಿಗೆ ಪಾಠ ಮಾಡಬೇಕು ಅಂದ ಕೂಡಲೇ ನಾವು ಒಂದು ಪಟ್ಟಿ ಹಿಡಿದು ನಿಲ್ಲುತ್ತೇವೆ. ಅಪರಿಚಿತರ ಜೊತೆ ಮಾತಾಡಬೇಡಿ, ಫೋಟೋ ಹಾಕಬೇಡಿ, ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಹೇಳಬೇಡಿ. ವರ್ಷಕ್ಕೊಮ್ಮೆ ಯಾರೋ ಬಂದು ಒಂದು ಗಂಟೆ ಭಾಷಣ ಮಾಡಿ ಹೋಗುತ್ತಾರೆ. ಮಕ್ಕಳು ತಲೆ ಆಡಿಸುತ್ತಾರೆ. ಆ ಪಟ್ಟಿ ಅವರಿಗೆ ಮೊದಲೇ ಬಾಯಿಪಾಠ. ಗೊತ್ತಿಲ್ಲದಿರುವುದು ಬೇರೆ: ಒತ್ತಬಾರದ ಲಿಂಕ್ ಒತ್ತಿಬಿಟ್ಟ ಮೇಲೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಹೇಳಿದರೆ ಏನಾಗುತ್ತದೆ.

ಇದು 10ರಿಂದ 16 ವರ್ಷದ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರಿಗಾಗಿ ಬರೆದದ್ದು. ಮನೆಯಲ್ಲಿ ಪಾಲಕರೂ ಬಳಸಬಹುದು. ಹೆಜ್ಜೆಗಳು ಇದೇ ಕ್ರಮದಲ್ಲೇ ಇರಬೇಕು ಎಂದೇನಿಲ್ಲ. ಆದರೆ ಮೊದಲನೆಯದನ್ನು ಮಾತ್ರ ಹಾರಿಸಿ ಮುಂದೆ ಹೋಗಬೇಡಿ.

ಹೆಜ್ಜೆ 1: ಪಾಠಕ್ಕೂ ಮೊದಲು ಒಂದು ಮಾತು ಕೊಡಿ

ಆನ್‌ಲೈನ್‌ನಲ್ಲಿ ಏನೋ ಎಡವಟ್ಟಾದಾಗ ಮಗುವಿನ ತಲೆಗೆ ಬರುವ ಮೊದಲ ಯೋಚನೆ ‘ಹೇಳಿದ್ರೆ ಫೋನ್ ಕಿತ್ಕೋತಾರೆ’ ಎಂಬುದು. ಬ್ಲಾಕ್‌ಮೇಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ‘ನಿಮ್ಮ ಅಪ್ಪ ಅಮ್ಮನಿಗೆ ಕಳಿಸ್ತೀನಿ’ ಎಂಬ ಬೆದರಿಕೆ ಕೆಲಸ ಮಾಡುವುದೇ ಮಗು ಅಪ್ಪ ಅಮ್ಮನಿಗೆ ಹೆದರುವುದರಿಂದ. ಆ ಹೆದರಿಕೆ ಇರುವವರೆಗೆ ನೀವು ಎಷ್ಟು ಪಾಠ ಮಾಡಿದರೂ ಸುದ್ದಿ ನಿಮ್ಮ ತನಕ ಬರುವುದಿಲ್ಲ.

ಹಾಗಾಗಿ ಮೊದಲು ಮುಖ್ಯ ಶಿಕ್ಷಕರ ಜೊತೆ, ಆಮೇಲೆ ಪಾಲಕರ ಜೊತೆ ಕೂತು ಒಂದು ವಿಷಯ ಒಪ್ಪಿಕೊಳ್ಳಿ: ತೊಂದರೆಯಲ್ಲಿ ಸಿಕ್ಕಿ ತಾನಾಗಿಯೇ ಬಂದು ಹೇಳಿದ ಮಗುವಿಗೆ ಬೈಗುಳ ಇಲ್ಲ, ಶಿಕ್ಷೆ ಇಲ್ಲ, ಫೋನ್ ಜಪ್ತಿ ಇಲ್ಲ. ಇದನ್ನು ತರಗತಿಯ ಗೋಡೆಯ ಮೇಲೆ ಬರೆದು ಹಾಕಿ. ಯಾರಿಗೆ ಹೇಳಬಹುದು ಎಂಬುದಕ್ಕೆ ಕನಿಷ್ಠ ಇಬ್ಬರು ಶಿಕ್ಷಕರ ಹೆಸರು ಇರಲಿ. ಒಬ್ಬರ ಹತ್ತಿರ ಹೇಳಲು ಮುಜುಗರವಾದರೆ ಇನ್ನೊಬ್ಬರು ಇರಬೇಕಲ್ಲ. ಇನ್ನೊಬ್ಬರಿಗೆ ತೊಂದರೆ ಕೊಟ್ಟವರಿಗೆ ಈ ರಿಯಾಯಿತಿ ಇಲ್ಲ ಎಂಬುದನ್ನೂ ಜೊತೆಗೇ ಬರೆಯಿರಿ.

ಒಂದು ಎಚ್ಚರಿಕೆ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಕೆಲವು ವಿಷಯಗಳನ್ನು ಮುಂದಕ್ಕೆ ಹೇಳಲೇಬೇಕಾಗುತ್ತದೆ. ಆಗ ನೀವು ಮಾತು ಮುರಿದ ಹಾಗಾಗುತ್ತದೆ, ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ. ‘ಯಾರಿಗೆ ಗೊತ್ತಾಗಲೇಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ಅದನ್ನೂ ನಿನಗೆ ಮೊದಲೇ ತಿಳಿಸುತ್ತೇನೆ’ ಎನ್ನಿ. ಇದು ಉಳಿಸಿಕೊಳ್ಳಬಹುದಾದ ಮಾತು.

ಹೆಜ್ಜೆ 2: ಅವರು ಏನು ಬಳಸುತ್ತಾರೆ ಕೇಳಿ

ನಾವು ಸೋಶಿಯಲ್ ಮೀಡಿಯಾ ಬಗ್ಗೆ ಪಾಠ ತಯಾರು ಮಾಡಿಕೊಂಡು ಹೋಗುತ್ತೇವೆ. ಮಕ್ಕಳು ಇರುವುದು ಆಟದ ಚಾಟ್‌ನಲ್ಲಿ. ಇದಕ್ಕೆ ಚೀಟಿ ಸಾಕು. ಹೆಸರು ಬರೆಯದೆ ಮೂರು ಪ್ರಶ್ನೆಗೆ ಉತ್ತರ ಬರೆಸಿ: ಜಾಸ್ತಿ ಹೊತ್ತು ಕಳೆಯುವುದು ಯಾವ ಆ್ಯಪ್‌ನಲ್ಲಿ? ಅಲ್ಲಿ ಇಷ್ಟವಾಗದ್ದು ಏನಾದರೂ ನಡೆದಿದೆಯಾ? ನಡೆದರೆ ಯಾರಿಗೆ ಹೇಳುತ್ತೀರಿ? ಚೀಟಿ ಓದಿದ ಮೇಲೆ ಯಾರ ಅಕ್ಷರ ಎಂದು ಪತ್ತೆ ಮಾಡಲು ಹೋಗಬೇಡಿ.

ಅನೇಕ ಆ್ಯಪ್‌ಗಳಲ್ಲಿರುವ ‘13 ವರ್ಷ ಆಗಿರಬೇಕು’ ಎಂಬ ನಿಯಮದ ಬಗ್ಗೆ ಚಿಕ್ಕ ಮಕ್ಕಳು ಕೇಳಿಯೇ ಕೇಳುತ್ತಾರೆ. ಅದು ಬಂದದ್ದು ಮುಖ್ಯವಾಗಿ 1998ರ ಅಮೆರಿಕದ ಒಂದು ಕಾನೂನಿನಿಂದ. 13ಕ್ಕಿಂತ ಚಿಕ್ಕವರ ಮಾಹಿತಿ ಸಂಗ್ರಹಿಸಲು ಪಾಲಕರ ಒಪ್ಪಿಗೆ ಬೇಕು ಎಂದು ಅದು ಹೇಳಿತು. ಆ ರಗಳೆಯೇ ಬೇಡ ಎಂದು ಅನೇಕ ಕಂಪನಿಗಳು ಚಿಕ್ಕವರಿಗೆ ಬಾಗಿಲು ಹಾಕಿದವು. ಅಂದರೆ 13 ಆದ ದಿನದಿಂದ ಎಲ್ಲ ಸುರಕ್ಷಿತ ಎಂದು ಅರ್ಥವಲ್ಲ. ಹುಟ್ಟಿದ ವರ್ಷ ಸುಳ್ಳು ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಿ: ಆ್ಯಪ್ ಅವರನ್ನು ದೊಡ್ಡವರೆಂದೇ ತಿಳಿದು ದೊಡ್ಡವರ ಜಾಹೀರಾತು, ದೊಡ್ಡವರ ಸೆಟ್ಟಿಂಗ್ ಕೊಡುತ್ತದೆ. ಮಕ್ಕಳಿಗಾಗಿ ಇಟ್ಟ ರಕ್ಷಣೆ ಸಿಗುವುದಿಲ್ಲ.

ಹೆಜ್ಜೆ 3: ಖಾತೆಗೆ ಬೀಗ

ಪಾಸ್‌ವರ್ಡ್ ಬಗ್ಗೆ ನಾವು ಕಲಿತ ಅರ್ಧ ಪಾಠ ಈಗ ಹಳತು. ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಎನ್ನುತ್ತಿದ್ದರು. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ 2017ರಲ್ಲೇ ಈ ಎರಡೂ ಒತ್ತಾಯಗಳನ್ನು ಕೈಬಿಡಲು ಹೇಳಿತು. ಕಾರಣ ಸರಳ. ಒತ್ತಾಯ ಮಾಡಿದರೆ ಜನ ಹಳೆಯ ಪಾಸ್‌ವರ್ಡ್‌ನ ಕೊನೆಗೆ 1 ಇದ್ದದ್ದನ್ನು 2 ಮಾಡುತ್ತಾರೆ, ಅಷ್ಟೇ. ಉದ್ದ ಇದ್ದಷ್ಟೂ ಒಳ್ಳೆಯದು.

ತರಗತಿಯಲ್ಲಿ ಹೀಗೆ ಮಾಡಿಸಿ. ಪ್ರತಿ ಮಗುವೂ ಒಂದೊಂದು ಚೀಟಿಯಲ್ಲಿ ಒಂದೊಂದು ವಸ್ತುವಿನ ಹೆಸರು ಬರೆದು ಡಬ್ಬಿಗೆ ಹಾಕಲಿ. ಕಣ್ಣು ಮುಚ್ಚಿ ನಾಲ್ಕು ಚೀಟಿ ಎತ್ತಿ. ಆನೆ, ಚಮಚ, ಮೋಡ, ಬೆಂಚು. ನೆನಪಿಡಲು ಸುಲಭ, ಊಹಿಸಲು ಕಷ್ಟ. ‘ಕಣ್ಣು ಮುಚ್ಚಿ’ ಎಂಬುದು ಇಲ್ಲಿ ಮುಖ್ಯ. ಮಕ್ಕಳೇ ಆರಿಸಿದರೆ ಇಷ್ಟದ ಹಾಡಿನ ಸಾಲೋ, ತಮ್ಮನ ಹೆಸರೋ ಬರುತ್ತದೆ. ತರಗತಿಯಲ್ಲಿ ಎತ್ತಿದ್ದು ಉದಾಹರಣೆಗೆ ಮಾತ್ರ, ನಿಜವಾದದ್ದನ್ನು ಮನೆಯಲ್ಲಿ ಮಾಡಿಕೊಳ್ಳಲಿ.

ಇದಕ್ಕಿಂತ ದೊಡ್ಡ ಅಪಾಯ ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಬಳಸುವುದು. ಯಾವುದೋ ಸಣ್ಣ ಆಟದ ಸೈಟ್‌ನಿಂದ ಪಾಸ್‌ವರ್ಡ್ ಸೋರಿದರೆ ಕಳ್ಳರು ಅದನ್ನೇ ಇಮೇಲ್‌ಗೂ ಹಾಕಿ ನೋಡುತ್ತಾರೆ. ಇದು ಯಂತ್ರ ಮಾಡುವ ಕೆಲಸ, ಅವರಿಗೆ ಶ್ರಮವೇ ಇಲ್ಲ. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ತಜ್ಞ 2013ರಲ್ಲಿ ಶುರುಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಸೈಟ್ ಇದೆ. ಇಮೇಲ್ ವಿಳಾಸ ಹಾಕಿದರೆ ಅದು ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ತೋರಿಸುತ್ತದೆ. ಮಕ್ಕಳ ವಿಳಾಸ ಬೇಡ, ನಿಮ್ಮ ಹಳೆಯ ವಿಳಾಸ ಹಾಕಿ ತೋರಿಸಿ. ನಾಲ್ಕಾರು ಹೆಸರು ಪರದೆಯ ಮೇಲೆ ಬಂದರೆ ತರಗತಿಯೇ ನಿಶ್ಶಬ್ದವಾಗುತ್ತದೆ.

ಇಮೇಲ್ ಖಾತೆಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್‌ನಂಥ ಇನ್ನೊಂದು ಗುರುತನ್ನೂ ಕೇಳುವುದು) ಹಾಕಿಸಿ. ಬೇರೆ ಎಲ್ಲ ಪಾಸ್‌ವರ್ಡ್ ಬದಲಿಸುವ ದಾರಿ ಇಮೇಲ್ ಮೂಲಕವೇ ಹೋಗುತ್ತದೆ, ಹಾಗಾಗಿ ಶುರು ಅಲ್ಲಿಂದಲೇ. ಇನ್ನೊಂದು ವಿಷಯ ದೊಡ್ಡವರ ಗಮನಕ್ಕೆ ಬರುವುದು ಕಡಿಮೆ. ಹದಿಹರೆಯದಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದು ಗೆಳೆತನದ ಗುರುತು. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಗೆಳೆಯ ಕೇಳಿದಾಗ ಏನು ಹೇಳಬೇಕು ಎಂಬುದನ್ನು ಮಕ್ಕಳಿಂದಲೇ ಅಭಿನಯ ಮಾಡಿಸಿ. ಒಪ್ಪುವಂಥ ಉತ್ತರ ಅವರಿಗೇ ಹೊಳೆಯುತ್ತದೆ, ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಹೆಜ್ಜೆ 4: ಒಂದು ಫೋಟೋ ಏನೆಲ್ಲ ಹೇಳುತ್ತದೆ

ಶಾಲೆಯಲ್ಲೇ ಬೇಕೆಂದು ಒಂದು ಫೋಟೋ ತೆಗೆಯಿರಿ. ಹಿಂದೆ ಫಲಕ ಕಾಣಲಿ, ಗೋಡೆಯ ಮೇಲೆ ವೇಳಾಪಟ್ಟಿ, ಕಿಟಕಿಯಾಚೆ ಗುರುತು ಹಿಡಿಯಬಹುದಾದ ಕಟ್ಟಡ, ಮೇಜಿನ ಮೇಲೆ ಹೆಸರು ಬರೆದ ಪುಸ್ತಕ. ಮಕ್ಕಳಿಗೆ ಪತ್ತೇದಾರಿ ಕೆಲಸ ಕೊಡಿ: ಇವರು ಯಾರು, ಎಲ್ಲಿದ್ದಾರೆ, ಸಂಜೆ ಎಷ್ಟು ಗಂಟೆಗೆ ಹೊರಗೆ ಬರುತ್ತಾರೆ? ಹತ್ತು ನಿಮಿಷದಲ್ಲಿ ಎಲ್ಲ ಬರೆದು ಕೊಡುತ್ತಾರೆ. ‘ಫೋಟೋ ಹಾಕಬೇಡಿ’ ಎಂದು ನೂರು ಸಲ ಹೇಳಿದರೂ ಆಗದ ಕೆಲಸ ಇದು.

ಕಣ್ಣಿಗೆ ಕಾಣದ್ದೂ ಇದೆ. ಫೋನ್ ತೆಗೆದ ಫೋಟೋದೊಳಗೆ ದಿನ, ಸಮಯ, ಜಿಪಿಎಸ್ ಜಾಗ ಸೇರಿಕೊಂಡಿರಬಹುದು. 2012ರಲ್ಲಿ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆಯೇ. ಪತ್ರಿಕೆಯೊಂದು ಹಾಕಿದ ಅವರ ಫೋಟೋದಲ್ಲಿ ಜಾಗದ ಮಾಹಿತಿ ಹಾಗೇ ಉಳಿದಿತ್ತು. ವೈರಸ್ ತಡೆಯುವ ಸಾಫ್ಟ್‌ವೇರ್‌ಗೆ ತಮ್ಮ ಹೆಸರನ್ನೇ ಇಟ್ಟವರಿಗೇ ಹೀಗಾಯಿತು. ಇದನ್ನು ಕೇಳಿದರೆ ದೊಡ್ಡ ಮಕ್ಕಳು ಕಿವಿ ನಿಮಿರಿಸುತ್ತಾರೆ. 2018ರ ಜನವರಿಯದ್ದು ಇನ್ನೊಂದು ಕಥೆ. ಓಡುವವರು ಬಳಸುವ ಸ್ಟ್ರಾವಾ ಆ್ಯಪ್ ಎಲ್ಲರ ಓಟದ ದಾರಿಗಳನ್ನು ಸೇರಿಸಿ ಒಂದು ಭೂಪಟ ಪ್ರಕಟಿಸಿತ್ತು. ಯಾರ ಹೆಸರೂ ಅದರಲ್ಲಿ ಇರಲಿಲ್ಲ. ಆದರೂ ಮರುಭೂಮಿಯ ಮಧ್ಯೆ ಬೆಳಗುತ್ತಿದ್ದ ಗೆರೆಗಳನ್ನು ನೋಡಿ ಸೇನಾ ನೆಲೆಗಳು ಎಲ್ಲಿವೆ ಎಂದು ಜನ ಕಂಡುಹಿಡಿದರು. ಹೆಸರು ತೆಗೆದರೆ ಗುರುತು ಹೋಯಿತು ಅಂದುಕೊಂಡಿದ್ದವರಿಗೆ ಇದು ಒಳ್ಳೆಯ ಪಾಠ.

ದೊಡ್ಡ ಸೋಶಿಯಲ್ ಮೀಡಿಯಾ ಆ್ಯಪ್‌ಗಳು ಪೋಸ್ಟ್ ಮಾಡುವಾಗ ಈ ಮಾಹಿತಿಯನ್ನು ಸಾಮಾನ್ಯವಾಗಿ ತೆಗೆಯುತ್ತವೆ. ಇಮೇಲ್‌ನಲ್ಲಿ ಅಥವಾ ಫೈಲ್ ರೂಪದಲ್ಲಿ ಕಳಿಸಿದರೆ ಉಳಿದಿರುತ್ತದೆ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಬಂದ್ ಮಾಡುವುದನ್ನು ಅಲ್ಲೇ, ಕೈಯಲ್ಲೇ ಮಾಡಿಸಿ. ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು ಎಂದು ಕೇಳುವ ಅಭ್ಯಾಸವೂ ಇದೇ ಹೊತ್ತಿಗೆ ಬರಲಿ.

ಇನ್ನು ಒಪ್ಪಿಗೆಯ ಮಾತು. ಇನ್ನೊಬ್ಬರ ಫೋಟೋ ಹಾಕುವ ಮೊದಲು ಕೇಳಬೇಕು, ‘ಬೇಡ’ ಅಂದರೆ ಕಾರಣ ಕೇಳದೆ ಬಿಡಬೇಕು. ಸರಿ, ಆದರೆ ಶಾಲೆಯ ಪುಟದಲ್ಲಿ ಬಹುಮಾನ ಪಡೆದ ಮಗುವಿನ ಫೋಟೋ, ಹೆಸರು, ತರಗತಿ ಎಲ್ಲ ಹಾಕುವವರು ನಾವೇ ಅಲ್ವಾ? ಮಗುವನ್ನು ಯಾರಾದರೂ ಕೇಳಿದರಾ? ಈ ಪಾಠ ಮಾಡುವ ಮೊದಲು ಶಾಲೆ ತನ್ನ ಪುಟವನ್ನು ಒಮ್ಮೆ ನೋಡಿಕೊಳ್ಳುವುದು ವಾಸಿ. ಮಕ್ಕಳು ಕೇಳುವುದಕ್ಕಿಂತ ನೋಡಿ ಕಲಿಯುವುದೇ ಜಾಸ್ತಿ.

ಹೆಜ್ಜೆ 5: ನಿಜವೋ ಸುಳ್ಳೋ ನೋಡುವುದು

ಪ್ರವಾಹದ ನೀರು ತುಂಬಿದ ರಸ್ತೆಯಲ್ಲಿ ಶಾರ್ಕ್ ಈಜುತ್ತಿರುವ ಫೋಟೋ ಒಂದಿದೆ. 2011ರಿಂದ ಈಚೆಗೆ ಎಲ್ಲೋ ಚಂಡಮಾರುತ ಬಂದಾಗಲೆಲ್ಲ ಅದು ಮತ್ತೆ ಮತ್ತೆ ಓಡಾಡಿದೆ, ಪ್ರತಿ ಸಲವೂ ಬೇರೆ ಊರಿನ ಹೆಸರಲ್ಲಿ. ಆ ಶಾರ್ಕ್ ನಿಜ, ರಸ್ತೆ ಬೇರೆಯದು. ಸಮುದ್ರದಲ್ಲಿ ಸಣ್ಣ ದೋಣಿಯೊಂದನ್ನು ಹಿಂಬಾಲಿಸುತ್ತಿದ್ದ ಶಾರ್ಕ್‌ನ ಹಳೆಯ ಚಿತ್ರದಿಂದ ಕತ್ತರಿಸಿ ಅಂಟಿಸಿದ್ದು. ಇದನ್ನೇ ಮೊದಲ ಪಾಠಕ್ಕೆ ಇಟ್ಟುಕೊಳ್ಳಿ. ರಿವರ್ಸ್ ಇಮೇಜ್ ಸರ್ಚ್‌ನಲ್ಲಿ (ಪದದ ಬದಲು ಚಿತ್ರವನ್ನೇ ಕೊಟ್ಟು ಹುಡುಕುವುದು) ಹಾಕಿಸಿ, ಮೂಲ ಚಿತ್ರ ಮಕ್ಕಳೇ ಹುಡುಕಲಿ.

ಎರಡನೆಯ ಪಾಠಕ್ಕೆ 1998ರಿಂದ ಇರುವ ‘ಮರದ ಆಕ್ಟೋಪಸ್’ ಸೈಟ್ ಇದೆ. ಕಾಡಿನ ಮರಗಳಲ್ಲಿ ವಾಸಿಸುವ, ಅಳಿವಿನ ಅಂಚಿನಲ್ಲಿರುವ ಆಕ್ಟೋಪಸ್ ಎಂದು ಗಂಭೀರವಾಗಿ ಬರೆದ ತಮಾಷೆ ಅದು. ಸೈಟ್ ಎಷ್ಟು ಅಚ್ಚುಕಟ್ಟಾಗಿದೆ, ಚಿತ್ರ ಇದೆಯಾ, ಅಕ್ಷರ ತಪ್ಪು ಇದೆಯಾ ಎಂದು ನೋಡುತ್ತಾ ಕೂತರೆ ಮೋಸ ಹೋಗುವುದು ಖಂಡಿತ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರ್ಯೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಸುದ್ದಿಯ ನಿಜ ಸುಳ್ಳು ಪರಿಶೀಲಿಸುವವರು), 25 ವಿದ್ಯಾರ್ಥಿಗಳಿಗೆ ಒಂದೇ ಸೈಟ್‌ಗಳನ್ನು ಕೊಟ್ಟು ನೋಡಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟದಲ್ಲೇ ಮೇಲಿಂದ ಕೆಳಗೆ ಓದುತ್ತಾ ಕೂತರು, ಅನೇಕರು ಸುಂದರವಾದ ಲೋಗೋ ನೋಡಿ ನಂಬಿದರು. ಫ್ಯಾಕ್ಟ್ ಚೆಕರ್‌ಗಳು ಬೇಗ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದರು. ಈ ಸೈಟ್ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಡಿಮೆ ಓದಿ ಹೆಚ್ಚು ತಿಳಿದುಕೊಂಡರು.

ಹಾಗಾಗಿ ಮಕ್ಕಳಿಗೆ ಉದ್ದದ ಪರೀಕ್ಷಾ ಪಟ್ಟಿ ಕೊಡಬೇಡಿ. ಮೈಕ್ ಕಾಲ್‌ಫೀಲ್ಡ್ ಎಂಬ ಶಿಕ್ಷಣ ತಜ್ಞರು ಹೇಳಿಕೊಟ್ಟ ನಾಲ್ಕು ಕೆಲಸ ಸಾಕು: ನಿಲ್ಲು, ಹೇಳಿದವರು ಯಾರೆಂದು ನೋಡು, ಇದೇ ವಿಷಯ ಬೇರೆ ಒಳ್ಳೆಯ ಕಡೆ ಇದೆಯಾ ಹುಡುಕು, ಮೂಲಕ್ಕೆ ಹೋಗು. ನಾಲ್ಕರಲ್ಲಿ ಕಷ್ಟದ್ದು ಮೊದಲನೆಯದೇ. ಸಿಟ್ಟು ಬರಿಸುವ ಸುದ್ದಿ ಕಂಡಾಗ ಬೆರಳು ತಾನಾಗಿ ಫಾರ್ವರ್ಡ್ ಕಡೆ ಹೋಗುತ್ತದೆ. ‘ಸಿಟ್ಟು ಬಂತಾ? ಹಾಗಾದರೆ ಈಗ ಕಳಿಸಬೇಡ’ ಎಂಬ ಒಂದು ನಿಯಮ ಮಾಡಿ.

ಎಐ, ಅಂದರೆ ಕೃತಕ ಬುದ್ಧಿಮತ್ತೆ, ತಯಾರಿಸಿದ ಚಿತ್ರಗಳ ವಿಷಯದಲ್ಲಿ ಒಂದು ಮಾತು. ನಕಲಿ ಹಿಡಿಯಲು ಚಿತ್ರದಲ್ಲಿರುವವರ ಬೆರಳು ಎಣಿಸಿ, ಕಿವಿ ನೋಡಿ ಎಂದೆಲ್ಲ ಕಲಿಸುವವರಿದ್ದಾರೆ. ನನಗೆ ಅದು ವ್ಯರ್ಥ ಅನಿಸುತ್ತದೆ. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಉಬ್ಬು ಜಾಕೆಟ್ ಹಾಕಿಕೊಂಡ ನಕಲಿ ಚಿತ್ರವನ್ನು ಜಗತ್ತೇ ನಂಬಿತ್ತು. ಆಗಲೇ ಹಾಗಿದ್ದರೆ ಮುಂದೆ ಕಣ್ಣಿನಿಂದ ಏನು ಹಿಡಿಯಲು ಸಾಧ್ಯ? ಚಿತ್ರದ ಒಳಗೆ ನೋಡುವುದಕ್ಕಿಂತ ಅದು ಎಲ್ಲಿಂದ ಬಂತು ಎಂದು ನೋಡುವುದು ಹೆಚ್ಚು ಕಾಲ ಬಾಳುವ ವಿದ್ಯೆ.

ಹೆಜ್ಜೆ 6: ನಕಲು ಮತ್ತು ಎಐ

ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಉಚಿತ ಎಂದು ಮಕ್ಕಳು ತಿಳಿದಿರುತ್ತಾರೆ. ತಮ್ಮ ಕೃತಿಯನ್ನು ಇತರರು ಯಾವ ಷರತ್ತಿನಲ್ಲಿ ಬಳಸಬಹುದು ಎಂದು ಮಾಡಿದವರೇ ಹೇಳುವ ಕ್ರಿಯೇಟಿವ್ ಕಾಮನ್ಸ್ ಗುರುತುಗಳನ್ನು ಪರಿಚಯಿಸಿ. ಮೊದಲ ಲೈಸೆನ್ಸ್‌ಗಳು ಬಂದದ್ದು 2002ರಲ್ಲಿ. ‘ಬಿವೈ’ ಅಂದರೆ ಹೆಸರು ಹೇಳಬೇಕು, ‘ಎನ್‌ಸಿ’ ಅಂದರೆ ವ್ಯಾಪಾರಕ್ಕಲ್ಲ, ‘ಎನ್‌ಡಿ’ ಅಂದರೆ ಬದಲಿಸಿ ಹಂಚುವಂತಿಲ್ಲ, ‘ಎಸ್‌ಎ’ ಅಂದರೆ ನೀವು ಬದಲಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಇಷ್ಟು ಸಾಕು. ಅವರು ಬರೆದ ಚಿತ್ರಕ್ಕೆ ಅವರೇ ಒಂದು ಗುರುತು ಆರಿಸಲಿ. ತಮ್ಮದನ್ನು ಇನ್ನೊಬ್ಬರು ಹೆಸರಿಲ್ಲದೆ ಬಳಸಿದರೆ ಹೇಗನಿಸುತ್ತದೆ ಎಂದು ಆಗ ಹೊಳೆಯುತ್ತದೆ.

ಎಐ ಬಳಸಬೇಡಿ ಎಂದು ಬೋರ್ಡ್ ಹಾಕಿದರೆ ಕದ್ದು ಬಳಸುತ್ತಾರೆ. ಪ್ರತಿ ಹೋಂವರ್ಕ್‌ಗೂ ಮೊದಲೇ ಸ್ಪಷ್ಟವಾಗಿ ಹೇಳಿ: ಇದಕ್ಕೆ ಎಐ ಪೂರ್ತಿ ಬೇಡ, ಇದಕ್ಕೆ ಯೋಚನೆ ಹುಡುಕಲು ಬಳಸಬಹುದು, ಇದಕ್ಕೆ ಬಳಸಿ, ಆದರೆ ಏನು ಕೇಳಿದಿರಿ, ಏನು ಬದಲಿಸಿದಿರಿ ಎಂದು ಕೊನೆಗೆ ಬರೆಯಿರಿ. ಎಐ ಬರೆದದ್ದನ್ನು ಹಿಡಿಯುತ್ತೇವೆ ಎನ್ನುವ ಸಾಫ್ಟ್‌ವೇರ್ ನಂಬಿ ಮಗುವಿಗೆ ಕಳ್ಳನ ಪಟ್ಟ ಕಟ್ಟಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೇ ತಯಾರಿಸಿದ ಇಂಥ ಸಾಧನವನ್ನು ಸರಿಯಾಗಿ ಹಿಡಿಯುತ್ತಿಲ್ಲವೆಂದು 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅನುಮಾನ ಬಂದರೆ ಮಗುವನ್ನು ಕೂರಿಸಿಕೊಂಡು ಬರೆದದ್ದರ ಬಗ್ಗೆ ಮಾತಾಡಿ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಎಐ ಸುಳ್ಳನ್ನೂ ಧೈರ್ಯವಾಗಿ ಹೇಳುತ್ತದೆ ಎಂಬುದನ್ನು ಮಾಡಿ ತೋರಿಸಿ. ಹೆಚ್ಚು ಜನ ಬರೆಯದ ವಿಷಯವೊಂದರ ಮೇಲೆ ಐದು ಪುಸ್ತಕಗಳ ಹೆಸರು ಕೇಳಿ, ಒಂದೊಂದೂ ನಿಜವಾಗಿ ಇದೆಯಾ ಎಂದು ಗ್ರಂಥಾಲಯದ ಪಟ್ಟಿಯಲ್ಲಿ ಹುಡುಕಿಸಿ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಹಾಕಿಸಿಕೊಂಡ ಪ್ರಸಂಗವನ್ನೂ ಹೇಳಬಹುದು.

ಸಹಪಾಠಿಯ ಮುಖವನ್ನು ಎಐನಲ್ಲಿ ಹಾಕಿ ಅಶ್ಲೀಲ ಚಿತ್ರ ಮಾಡುವುದು ತಮಾಷೆಯಲ್ಲ ಎಂದು 12 ದಾಟಿದವರಿಗೆ ನೇರವಾಗಿ ಹೇಳಿ. ಅನೇಕ ದೇಶಗಳಲ್ಲಿ ಅದು ಅಪರಾಧ. ಸುತ್ತಿ ಬಳಸಿ ಹೇಳಿದರೆ ಅರ್ಥವಾಗುವುದಿಲ್ಲ.

ಹೆಜ್ಜೆ 7: ಗ್ರೂಪಿನಲ್ಲಿ ನಡೆದುಕೊಳ್ಳುವುದು

ಎದುರಿಗೆ ಹೇಳಲಾಗದ್ದನ್ನು ಪರದೆಯ ಹಿಂದಿನಿಂದ ಯಾಕೆ ಹೇಳುತ್ತೇವೆ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದರು. ನಮ್ಮ ಹೆಸರು ಕಾಣುವುದಿಲ್ಲ, ಎದುರಿನವರ ಮುಖ ಕಾಣುವುದಿಲ್ಲ, ಉತ್ತರ ಕೂಡಲೇ ಬರುವುದಿಲ್ಲ. ಇದಕ್ಕೆ ಒಂದು ಸರಳ ಅಭ್ಯಾಸ: ಕಳಿಸುವ ಮೊದಲು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳುವುದು. ಅರ್ಧ ಮೆಸೇಜ್‌ಗಳು ಅಲ್ಲೇ ಅಳಿಸಿಹೋಗುತ್ತವೆ.

ಕಾಡುವವರು, ಕಾಡಿಸಿಕೊಳ್ಳುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸುಮ್ನೆ ನೋಡುವವರು. ನಿಮ್ಮ ಪಾಠ ಅವರಿಗೇ ಇರಲಿ. ಎದ್ದು ನಿಂತು ಜಗಳವಾಡಿ ಎಂದು ಕೇಳಬೇಡಿ, ಎಲ್ಲರಿಗೂ ಆ ಧೈರ್ಯ ಇರುವುದಿಲ್ಲ. ನಗುವ ಇಮೋಜಿ ಹಾಕದಿರುವುದು, ಸ್ಕ್ರೀನ್‌ಶಾಟ್ ಬೇರೆ ಗ್ರೂಪಿಗೆ ಹಾಕದಿರುವುದು, ನೊಂದವರಿಗೆ ಬೇರೆಯಾಗಿ ‘ನೋಡಿದೆ, ಅದು ಸರಿಯಲ್ಲ’ ಎಂದು ಒಂದು ಸಾಲು ಕಳಿಸುವುದು. ಇದನ್ನು ಯಾರು ಬೇಕಾದರೂ ಮಾಡಬಹುದು.

ಹೆಜ್ಜೆ 8: ಎಡವಟ್ಟಾದಾಗ

ಇದನ್ನು ಕಂಠಪಾಠ ಮಾಡಿಸಿದರೂ ತಪ್ಪಿಲ್ಲ. ಯಾರಾದರೂ ಬೆದರಿಸಿದರೆ:

1. ಹಣ ಕೊಡಬೇಡ, ಇನ್ನೊಂದು ಫೋಟೋ ಕಳಿಸಬೇಡ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.
2. ಚಾಟ್ ಅಳಿಸಬೇಡ. ಬೆದರಿಕೆಯ ಮಾತು, ಖಾತೆಯ ಹೆಸರು, ದಿನಾಂಕ ಉಳಿಸಿಕೋ.
3. ಆಮೇಲೆ ಬ್ಲಾಕ್ ಮಾಡು, ಆ್ಯಪ್‌ನಲ್ಲಿ ದೂರು ಕೊಡು.
4. ನಂಬುವ ದೊಡ್ಡವರೊಬ್ಬರಿಗೆ ಅದೇ ದಿನ ಹೇಳು.

ಶಿಕ್ಷಕರಿಗೆ ಇಲ್ಲೊಂದು ದೊಡ್ಡ ಎಚ್ಚರಿಕೆ. ಮಗುವಿನ ನಗ್ನ ಚಿತ್ರ ಇದ್ದರೆ ಅದನ್ನು ತೋರಿಸಲು ಕೇಳಬೇಡಿ. ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಸಾಕ್ಷಿಗೆಂದು ಮುಖ್ಯ ಶಿಕ್ಷಕರಿಗೂ ಫಾರ್ವರ್ಡ್ ಮಾಡಬೇಡಿ. ಉದ್ದೇಶ ಒಳ್ಳೆಯದೇ ಇದ್ದರೂ ಅದು ಕಾನೂನಿಗೆ ವಿರುದ್ಧವಾಗಬಹುದು, ಮಗುವಿಗೆ ಎರಡನೇ ಸಲ ಅವಮಾನವಂತೂ ಖಂಡಿತ. ಏನು ನಡೆಯಿತು ಎಂದು ಕೇಳಿ ಬರೆದುಕೊಳ್ಳಿ, ಪೊಲೀಸರಿಗೋ ಮಕ್ಕಳ ರಕ್ಷಣೆಯ ಸಹಾಯವಾಣಿಗೋ ತಿಳಿಸಿ. ಆ ಸಂಖ್ಯೆಗಳನ್ನು ಗೋಡೆಯ ಮೇಲಿನ ಹೆಸರುಗಳ ಕೆಳಗೆ ಮೊದಲೇ ಬರೆದಿಡಿ.

ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ನಡೆಸುವ ‘ಟೇಕ್ ಇಟ್ ಡೌನ್’ ಸೇವೆಯ ಬಗ್ಗೆಯೂ ತಿಳಿದಿರಲಿ. 18 ವರ್ಷಕ್ಕಿಂತ ಚಿಕ್ಕವರಿದ್ದಾಗ ತೆಗೆದ ಚಿತ್ರಗಳಿಗಾಗಿ ಇರುವ ಈ ಸೇವೆ ಉಚಿತ, ಹೆಸರು ಹೇಳಬೇಕಿಲ್ಲ. ಚಿತ್ರ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಬೆರಳಚ್ಚು (ಆ ಚಿತ್ರದಿಂದ ಲೆಕ್ಕ ಹಾಕಿದ ಗುರುತಿನ ಸಂಕೇತ) ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ತಮ್ಮ ಸೈಟ್‌ಗಳಲ್ಲಿ ಆ ಚಿತ್ರ ಹುಡುಕಿ ತೆಗೆಯಲು ಈ ಬೆರಳಚ್ಚನ್ನು ಬಳಸುತ್ತವೆ. ಖಾಸಗಿ ಎನ್‌ಕ್ರಿಪ್ಟೆಡ್ (ಕಂಪನಿಗೂ ಓದಲಾಗದಂತೆ ಗುಪ್ತಲಿಪಿಯಲ್ಲಿ ಹೋಗುವ) ಚಾಟ್‌ಗಳೊಳಗೆ ಇದು ನಡೆಯುವುದಿಲ್ಲ.

ಹೆಜ್ಜೆ 9: ಸಮಯ

‘ಫೋನ್ ಚಟ’ ಎಂದು ಬೈಯುವುದರ ಬದಲು ಆ್ಯಪ್ ಹೇಗೆ ಹಿಡಿದಿಡುತ್ತದೆ ಎಂದು ತೋರಿಸಿ. ಪುಟ ಮುಗಿಯದೆ ಕೆಳಗೆ ಹೋಗುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ತಾವೇ ಅದರ ಬಗ್ಗೆ ವಿಷಾದ ಪಟ್ಟಿದ್ದಾರೆ. ಮನುಷ್ಯರು ಕಳಿಸಿದ ಮೆಸೇಜ್ ಬಿಟ್ಟು ಉಳಿದ ಎಲ್ಲ ನೋಟಿಫಿಕೇಶನ್ ಒಂದು ವಾರ ಬಂದ್ ಮಾಡಿ ನೋಡುವ ಪ್ರಯೋಗ ಕೊಡಿ. ನೀವೂ ಮಾಡಿ.

ಹೆಜ್ಜೆ 10: ವರ್ಷವಿಡೀ ಸ್ವಲ್ಪ ಸ್ವಲ್ಪ

ಇದೆಲ್ಲ ಒಂದೇ ದಿನಕ್ಕಲ್ಲ. ಹದಿನೈದು ದಿನಕ್ಕೊಮ್ಮೆ 20 ನಿಮಿಷ ಸಾಕು. ಶಾರ್ಕ್ ಫೋಟೋ ಭಾಷಾ ಪಾಠದಲ್ಲಿ ಬರಬಹುದು, ಪಾಸ್‌ವರ್ಡ್ ಲೆಕ್ಕ ಗಣಿತದಲ್ಲಿ. 15 ವರ್ಷದವರು 11 ವರ್ಷದವರಿಗೆ ಕಲಿಸಲಿ. ಕಲಿಸಬೇಕಾದಾಗ ತಮ್ಮ ಸೆಟ್ಟಿಂಗ್ ಮೊದಲು ಸರಿ ಮಾಡಿಕೊಳ್ಳುತ್ತಾರೆ.

ಪರೀಕ್ಷೆ ಇಡುವುದಾದರೆ ಬಹು ಆಯ್ಕೆಯ ಪ್ರಶ್ನೆ ಬೇಡ. ‘ಪಾಸ್‌ವರ್ಡ್ ಹಂಚಿಕೊಳ್ಳಬಹುದೇ?’ ಎಂದರೆ ಎಲ್ಲರೂ ‘ಇಲ್ಲ’ ಎಂದೇ ಗೆರೆ ಹಾಕುತ್ತಾರೆ. ಒಂದು ಸಂದರ್ಭ ಕೊಡಿ: ಆಟದಲ್ಲಿ ಪರಿಚಯವಾದ ಗೆಳೆಯ ಬೇರೆ ಆ್ಯಪ್‌ಗೆ ಬಾ ಎನ್ನುತ್ತಾನೆ, ಉಡುಗೊರೆ ಕೊಡುತ್ತೇನೆ ಎನ್ನುತ್ತಾನೆ, ಯಾರಿಗೂ ಹೇಳಬೇಡ ಎನ್ನುತ್ತಾನೆ. ಮುಂದಿನ ಹತ್ತು ನಿಮಿಷದಲ್ಲಿ ನೀನು ಏನು ಮಾಡುತ್ತೀಯ? ಬರೆದದ್ದನ್ನು ಓದಿದರೆ ಯಾವ ಹೆಜ್ಜೆ ಮತ್ತೆ ಕಲಿಸಬೇಕು ಎಂದು ಗೊತ್ತಾಗುತ್ತದೆ.

ಉದಾಹರಣೆಗಳು ಬೇಗ ಹಳತಾಗುತ್ತವೆ. ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ತನಗೆ ಬಂದ ಒಂದು ಮೋಸದ ಮೆಸೇಜ್ ಅಥವಾ ಸುಳ್ಳು ಸುದ್ದಿ ತರಲಿ. ಹೆಸರು, ನಂಬರ್ ಅಳಿಸಿ ತರಗತಿಯ ಕಡತಕ್ಕೆ ಸೇರಿಸಿ. ಮುಂದಿನ ವರ್ಷದ ಪಾಠ ಅದರಿಂದಲೇ ಶುರುಮಾಡಬಹುದು.